ಹನ್ನೆರಡು ಕಾಲಿನ ಸೇತುವೆ

ಆಟದ ರೈಲಿನಷ್ಟು ನಿಯಮನಿಷ್ಠವಾದ ವಾಹನ ಲೋಕದಲ್ಲಿ ಮತ್ತೊಂದಿರಲಾರದು. ಅದಕ್ಕೆ ತಡವೆಂಬುದಿಲ್ಲ, ಟಿಕೀಟಿನ ಜಗಳವಿಲ್ಲ, ನಿಲ್ದಾಣದಲ್ಲಿ ನೂಕುನುಗ್ಗಲಿಲ್ಲ. ಗುಂಡಿ ಒತ್ತಿದೊಡನೆ ಹೊರಡುತ್ತದೆ, ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರುತ್ತದೆ. ಈ ಕೊನೆಯ ಗುಣವೇ ಅದರ ದೊಡ್ಡ ಕೊರತೆ. ಮೊದಲ ದಿನ ಮಗು ಕಣ್ಣು ಮಿಟುಕಿಸದೆ ನೋಡುತ್ತದೆ; ಎರಡನೆಯ ದಿನ ಕೈ ತಟ್ಟುತ್ತದೆ; ಮೂರನೆಯ ದಿನ ಅದಕ್ಕೊಂದು ಸಂದೇಹ ಹುಟ್ಟುತ್ತದೆ: ಇಷ್ಟೆಲ್ಲ ಓಡಿ ಈ ರೈಲು ಹೋಗುವುದಾದರೂ ಎಲ್ಲಿಗೆ? ಗಾಣದ ಎತ್ತನ್ನು ಕುರಿತು ಹಿರಿಯರು ಕೇಳಿಕೊಳ್ಳುವ ಪ್ರಶ್ನೆಯೂ ಇದೇ ಅಲ್ಲವೆ? ಆದರೆ ಹಿರಿಯರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಮಗು ಹಾಗೆ ಸುಮ್ಮನಿರುವುದಿಲ್ಲ. ಅದು ಸೇತುವೆ ಬೇಕೆನ್ನುತ್ತದೆ.

ನಮ್ಮ ಮೊಮ್ಮಗನೂ ಹಾಗೆಯೇ ಕೇಳಿದನು. ಅವನಿಗೆ ಎಂಟು ವರ್ಷ. ತಂದೆತಾಯಿಗಳಿಬ್ಬರೂ ಪುಣೆಯಲ್ಲಿ ಕೆಲಸದಲ್ಲಿರುವುದರಿಂದ ಮೂರು ವರ್ಷಗಳಿಂದ ಸಂಡೂರು ತಾಲ್ಲೂಕಿನ ನಮ್ಮ ಬಂಡ್ರಿಯಲ್ಲಿಯೇ, ತಾತ ಅಜ್ಜಿಯರ ಬಳಿ ಬೆಳೆಯುತ್ತಿದ್ದನು. ಜೂನ್ ತಿಂಗಳಲ್ಲಿ ಅವನನ್ನು ಪುಣೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಹುಟ್ಟುಹಬ್ಬಕ್ಕೆ ತಂದೆ ಕಳುಹಿಸಿದ ಬ್ಯಾಟರಿಯ ರೈಲು ಮಾರ್ಚಿಯಲ್ಲಿ ಬಂದಿತು. ಕೈಯಲ್ಲಿ ಉಳಿದಿದ್ದುದು ಎರಡೂವರೆ ತಿಂಗಳು.

ಸೇತುವೆಯ ಹಂಬಲಕ್ಕೆ ಒಂದು ಕಾರಣವಿತ್ತು. ಅದಕ್ಕೆ ಕೆಲವು ದಿನಗಳ ಹಿಂದೆ ಒಂದು ಮದುವೆಗಾಗಿ ಹೊಸಪೇಟೆಯಿಂದ ಕೊಪ್ಪಳಕ್ಕೆ ರೈಲಿನಲ್ಲಿ ಹೋಗಿದ್ದೆವು. ಹೊಸಪೇಟೆಯನ್ನು ಬಿಟ್ಟ ರೈಲು ಮುನಿರಾಬಾದನ್ನು ಸೇರುವ ಮುನ್ನ ತುಂಗಭದ್ರೆಯನ್ನು ದಾಟಬೇಕು. ನೆಲದ ಮೇಲೆ ಹೋಗುವಾಗ ಮೃದಂಗದಂತಿದ್ದ ಗಾಲಿಗಳ ಸದ್ದು ಸೇತುವೆಯನ್ನೇರಿದ ಕೂಡಲೇ ನಗಾರಿಯಂತಾಗುತ್ತದೆ. ಹುಡುಗನು ಕಿಟಕಿಯ ಸರಳಿಗೆ ಮುಖವೊತ್ತಿ, ಕೆಳಗಿನ ಬಂಡೆಗಳನ್ನೂ ನೀರನ್ನೂ ನೋಡುತ್ತ ಉಸಿರು ಬಿಗಿಹಿಡಿದಿದ್ದನು. ಆ ದಡ ಸೇರಿದ ಮೇಲೆ, “ತಾತ, ಈಗ ನಾವು ಬೇರೆ ಊರಿಗೆ ಬಂದ್ವಿ ಅಲ್ವಾ?” ಎಂದನು. ರೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಜವಾಗಿಯೂ ಹೋಗುತ್ತದೆಂಬುದಕ್ಕೆ ಸೇತುವೆಯೇ ಸಾಕ್ಷಿಯೆಂದು ಅವನ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಮನೆಯಲ್ಲಿ ಅವನ ಮೊದಲ ಸೇತುವೆ ಎರಡು ನಿಘಂಟುಗಳ ಮೇಲೆ ಎದ್ದಿತು. ಹಳಿಯ ಒಂದೊಂದೇ ತುಂಡನ್ನು ನೆಲದಿಂದ ನಿಘಂಟಿಗೆ ಒರಗಿಸಿ, ಅಡಿಯಲ್ಲಿ ಇನ್ನೊಂದು ಹಳಿ ಹಾದುಹೋಗುವಂತೆ ಎಂಟರ ಅಂಕೆಯ ಆಕಾರದಲ್ಲಿ ದಾರಿಯನ್ನು ಜೋಡಿಸಿದನು. ಇಂಜಿನ್ನು ಬಂದು ಏರಿನ ಬುಡದಲ್ಲಿ ಮೂತಿ ತಗುಲಿಸಿಕೊಂಡು ನಿಂತಿತು. ಗಾಲಿಗಳು ಗಿರಗಿರನೆ ತಿರುಗಿದವು. ಬಂಡಿ ಮಾತ್ರ ಮುಂದಕ್ಕೆ ಸಾಗಲಿಲ್ಲ. ಕೈಯಿಂದ ನೂಕಿ ಮೇಲೇರಿಸಿದರೆ ನೆತ್ತಿಯ ಮೇಲೆ ಮುಂದಿನ ಗಾಲಿಗಳು ಗಾಳಿಯಲ್ಲೆದ್ದು ಹಳಿ ತಪ್ಪಿತು. ಹುಡುಗನು ಇಂಜಿನ್ನಿಗೆ ಶಕ್ತಿಯಿಲ್ಲವೆಂದು ತೀರ್ಪು ಕೊಟ್ಟನು.

ಆ ಸಮಯಕ್ಕೆ ಸರಿಯಾಗಿ ನಮ್ಮ ಬೀದಿಯ ಬಡಗಿಯವರು ಬಾಗಿಲ ಚಿಲಕವನ್ನು ಸರಿಪಡಿಸಲು ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಬಂಡಿ, ಕುಂಟೆ, ಕೂರಿಗೆ, ತೊಟ್ಟಿಲುಗಳನ್ನು ಲೆಕ್ಕವಿಲ್ಲದಷ್ಟು ಮಾಡಿದ ಕೈ. ಕುಕ್ಕುರುಗಾಲಿನಲ್ಲಿ ಕುಳಿತು ಎರಡು ಸಾರಿ ರೈಲಿನ ಪಾಡನ್ನು ನೋಡಿ, “ಮೇಷ್ಟ್ರೇ, ಸೇತುವೆ ಸರಿ ಐತಿ. ಸೇತುವೆಗೆ ಹೋಗೋ ದಾರಿ ಸರಿ ಇಲ್ಲ” ಎಂದರು.

ರೈಲ್ವೆಯವರು ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಅನುಸರಿಸಿಕೊಂಡು ಬಂದಿರುವ ಸತ್ಯವೂ ಇದೇ. ಎತ್ತಿನ ಬಂಡಿ ಏರುವ ದಿಬ್ಬವನ್ನು ಉಗಿಬಂಡಿ ಏರಲಾರದು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ನುಣುಪಾಗಿ ಉರುಳುವುದರಿಂದಲೇ ಅಷ್ಟೊಂದು ಭಾರವನ್ನು ಎಳೆಯುವುದು ಸಾಧ್ಯವಾಗುತ್ತದೆ. ಆ ನುಣುಪೇ ಏರಿನಲ್ಲಿ ಶತ್ರುವಾಗುತ್ತದೆ. ಬಯಲುನಾಡಿನಲ್ಲಿ ನೂರು ಅಡಿ ಮುಂದೆ ಹೋದರೆ ಒಂದಡಿ ಏರುವುದೇ ಹೆಚ್ಚು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ದಾರಿಯಲ್ಲಿ ಐವತ್ತಕ್ಕೆ ಒಂದು. ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಗೆ ಇಳಿಯುವಲ್ಲಿ ಮೂವತ್ತೇಳಕ್ಕೆ ಒಂದು. ಇಂಥ ಕಡೆಗಳಲ್ಲಿ ಹೆಚ್ಚಿನ ಇಂಜಿನ್ನುಗಳನ್ನು ಕಟ್ಟಿ ರೈಲನ್ನು ನಡೆಸುತ್ತಾರೆ. ಹುಡುಗನ ನಿಘಂಟಿನ ದಾರಿ ಮೂರಕ್ಕೆ ಒಂದರಂತೆ ಏರಿತ್ತು. ಮೇಲುಕೋಟೆಯ ಮೆಟ್ಟಿಲನ್ನು ರೈಲು ಹತ್ತಬೇಕೆಂದಂತಾಯಿತು.

ಆದುದರಿಂದ ನಾವು ಕಟ್ಟಬೇಕಾಗಿದ್ದುದು ಗೇಣುದ್ದದ ಸೇತುವೆಯಾದರೂ ಅದಕ್ಕೆ ಬೇಕಾದ ಏರುದಾರಿ ಮಾರುದ್ದದ್ದೆಂದು ಗೊತ್ತಾಯಿತು. ಹುಡುಗನು ಅಳತೆಗೋಲನ್ನು ತಂದನು. ಇಂಜಿನ್ನಿನ ನೆತ್ತಿ ನೆಲದಿಂದ 7 ಸೆಂಟಿಮೀಟರು. ಅದರ ಮೇಲೆ ಹೆಬ್ಬೆರಳಿನಷ್ಟು ತೆರಪು, ಆ ತೆರಪಿನ ಮೇಲೆ ತೊಲೆಯ ದಪ್ಪ. ಎಲ್ಲವೂ ಸೇರಿ ಮೇಲಿನ ಹಳಿ 10 ಸೆಂಟಿಮೀಟರು ಎತ್ತರದಲ್ಲಿರಬೇಕು. ಹಳಿಯ ನೇರ ತುಂಡು ಒಂದೊಂದೂ 20 ಸೆಂಟಿಮೀಟರು. ಒಂದು ತುಂಡಿಗೆ 2 ಸೆಂಟಿಮೀಟರು ಏರಿಸಿದರೆ ಹತ್ತಕ್ಕೆ ಒಂದಾಯಿತು. ನಿಜವಾದ ರೈಲಿಗೆ ಇದು ಅಸಾಧ್ಯ. ಅಂಗೈಯಲ್ಲಿ ಹಿಡಿಯುವ ರೈಲಿಗೆ ಸಾಧ್ಯ.

ಹಾಗಾದರೆ ಐದು ತುಂಡುಗಳು ಸಾಕಲ್ಲವೆ ಎಂದು ವಾಚಕರು ಕೇಳಬಹುದು. ಹುಡುಗನೂ ಅದನ್ನೇ ಕೇಳಿದನು. ಬಡಗಿಯವರು ತಲೆಯಾಡಿಸಿ, ನೆಲದಿಂದ ಏರಿಗೆ ತಿರುಗುವಲ್ಲಿಯೂ ಏರಿನಿಂದ ಮಟ್ಟಕ್ಕೆ ತಿರುಗುವಲ್ಲಿಯೂ ಬಂಡಿಗೆ ಸ್ವಲ್ಪ ಸಾವಕಾಶ ಕೊಡಬೇಕೆಂದರು. ಕೂಡಲೇ ಮೊಗವೆತ್ತು ಎಂದರೆ ಮೂತಿ ತಗಲುತ್ತದೆ. ಕೂಡಲೇ ತಗ್ಗಿಸು ಎಂದರೆ ಗಾಲಿ ಎದ್ದುಹೋಗುತ್ತದೆ. ಆದಕಾರಣ ಮೊದಲ ತುಂಡಿಗೂ ಕೊನೆಯ ತುಂಡಿಗೂ ಅರ್ಧ ಏರು, ಅಂದರೆ 1 ಸೆಂಟಿಮೀಟರು. ನಡುವಿನ ನಾಲ್ಕಕ್ಕೆ ಪೂರ್ಣ ಏರು. ಹೀಗೆ ಕಾಲುಗಳ ಎತ್ತರ 1, 3, 5, 7, 9, 10 ಎಂದಾಯಿತು. ಈ ಕಡೆಗೆ ಆರು, ಆ ಕಡೆಗೆ ಆರು, ಒಟ್ಟು ಹನ್ನೆರಡು ಕಾಲು. “ಬೆಸ ಸಂಖ್ಯೆ ತಾತ! ಕೊನೇದು ಮಾತ್ರ ಹತ್ತು!” ಎಂದು ಹುಡುಗನು ಕುಣಿದನು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಬೆಸ ಸಂಖ್ಯೆಗಳು ಒಂದು ಗುಡ್ಡವನ್ನೇರುತ್ತವೆಂದು ಅವನಿಗೆ ಆ ದಿನ ತಿಳಿಯಿತು. ಹಳಿಯ ತುಂಡುಗಳು ಸಾಲದೆ ಬಂದುದರಿಂದ ಹೊಸಪೇಟೆಯಿಂದ ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ತರಿಸಿದೆವು.

ಮರದ ಚಿಂತೆ ನಮಗಿರಲಿಲ್ಲ. ಚನ್ನಪಟ್ಟಣದವರು ಗೊಂಬೆಗೆ ಆಲೆಯ ಮರವನ್ನು ಆರಿಸುತ್ತಾರೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಹುಡುಕುತ್ತಾರೆ. ನಮ್ಮ ಹಿತ್ತಿಲಲ್ಲಿ ಬಿದ್ದಿದ್ದುದು ಬೇವು. ಬಳ್ಳಾರಿ ಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತೆ, ಅದರ ಮೇಲೆ ಮಣ್ಣು. ನಮ್ಮ ಹಿಂದಿನ ಪಡಸಾಲೆಯ ಮಾಳಿಗೆಯನ್ನು ತೆಗೆಸಿ ಸಿಮೆಂಟಿನ ಛಾವಣಿ ಹಾಕಿಸಿದಾಗ ಇಳಿಸಿದ ಜಂತೆಗಳು ಹಾಗೆಯೇ ಒರಗಿದ್ದವು. ನನ್ನ ತಂದೆಯವರ ಕಾಲದಿಂದ ಹೊಗೆ ಕುಡಿದು, ಗೆದ್ದಲಿಗೂ ಬೇಡವಾಗಿ, ಕಲ್ಲಿನಂತಾಗಿದ್ದ ಮರ. ಬಾಚಿಯಿಂದ ಮೇಲಿನ ಮಸಿಯನ್ನು ಕೆತ್ತಿದೊಡನೆ ಒಳಗಿನಿಂದ ಕೆಂಚು ಬಣ್ಣವೂ ಬೇವಿನ ಕಹಿ ಪರಿಮಳವೂ ಹೊರಬಂದವು.

ಇಲ್ಲಿ ನಾನೊಂದು ಷರತ್ತನ್ನು ಮುಂದಿಟ್ಟೆ. ಮೊಳೆ ಹೊಡೆಯಬಾರದು, ಅಂಟು ಹಾಕಬಾರದು, ಇಡೀ ಸೇತುವೆ ಕಳಚಿ ಒಂದು ಪೆಟ್ಟಿಗೆಯಲ್ಲಿ ಹಿಡಿಯಬೇಕು, ಮತ್ತು ಅದನ್ನು ಮರಳಿ ಜೋಡಿಸುವುದಕ್ಕೆ ನಾನಾಗಲಿ ಬಡಗಿಯವರಾಗಲಿ ಬೇಕಾಗಬಾರದು. ಬಡಗಿಯವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಕಾರಣವನ್ನು ಕೇಳಲಿಲ್ಲ. ಅವರ ಮೊಮ್ಮಕ್ಕಳೂ ದೂರದ ಊರಿನಲ್ಲಿದ್ದಾರೆ.

ದೊಡ್ಡವರು ಮಕ್ಕಳಿಗೆ ಮಾಡಿಕೊಡುವ ವಸ್ತುಗಳಲ್ಲಿ ಒಂದು ಸೂಕ್ಷ್ಮವಾದ ಸ್ವಾರ್ಥವಿರುತ್ತದೆ. ಅದು ಮುರಿದಾಗ ಮಗು ನಮ್ಮ ಬಳಿಗೇ ಬರಬೇಕು, ನಮ್ಮ ಕೈಯೇ ಅದನ್ನು ಸರಿಪಡಿಸಬೇಕು ಎಂಬ ಆಸೆ. ಮಗು ಹತ್ತಿರವಿರುವ ತನಕ ಈ ಆಸೆಗೆ ಅಡ್ಡಿಯಿಲ್ಲ. ನಾಳೆ ದೂರ ಹೋಗುವ ಮಗುವಿಗೆ ಅಂಥ ವಸ್ತುವನ್ನು ಕೊಡುವುದು, ಬಾಗಿಲನ್ನು ಕೊಟ್ಟು ಬೀಗದ ಕೈಯನ್ನು ನಾವೇ ಇಟ್ಟುಕೊಂಡಂತೆ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತನು ತನ್ನ ಮಕ್ಕಳಿಗಾಗಿ ತೂತುಗಳುಳ್ಳ ಲೋಹದ ಪಟ್ಟಿಗಳನ್ನು ಮಾಡಿ, 1901ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಮುಂದೆ ಮೆಕಾನೋ ಎಂದು ಜಗತ್ತಿಗೆಲ್ಲ ಹೆಸರಾದ ಆಟಿಗೆ ಅದೇ. ಅವನ ಹೆಸರಿನ ಆಟದ ರೈಲುಗಳು ಬಂದುದು 1920ರಲ್ಲಿ. ಪಟ್ಟಿಗಳನ್ನು ತಿರುಪಿನಿಂದ ಬಿಗಿದರೆ ಸೇತುವೆ. ಬಿಚ್ಚಿ ಬೇರೆ ರೀತಿ ಬಿಗಿದರೆ ಎತ್ತುಯಂತ್ರ. ತಂದೆ ಮಾಡಿದ ಸೇತುವೆಗಿಂತ, ಮಗನೇ ಮತ್ತೆ ಮತ್ತೆ ಮಾಡಿಕೊಳ್ಳಬಹುದಾದ ಸೇತುವೆ ದೊಡ್ಡದೆಂದು ಆತನಿಗೆ ತೋರಿರಬೇಕು.

ಕೆಲಸ ಬೇವಿನ ಮರದಡಿಯಲ್ಲಿ ಆರಂಭವಾಯಿತು. 1 ಮತ್ತು 3ರ ಕಾಲುಗಳು ಬರಿಯ ಮರದ ತುಂಡುಗಳು. 5ರಿಂದ ಮೇಲಿನವುಗಳಿಗೆ ಮನೆಯ ಕಟ್ಟಡದ ಕ್ರಮವನ್ನೇ ಇಳಿಸಿದೆವು: ಕೆಳಗೊಂದು ಹಾಸುಪಟ್ಟಿ, ಅದರ ಮೇಲೆ ಎರಡು ಗಿಡ್ಡ ಕಂಬಗಳು, ಮೇಲೊಂದು ಬೋದಿಗೆ. ಕಂಬಗಳು ನೆಟ್ಟಗೆ ನಿಲ್ಲದೆ, ಬುಡದಲ್ಲಿ ತುಸು ಅಗಲಿಸಿ ನಿಂತವು. ಹಾಗಾದರೆ ರೈಲಿನ ಅಲುಗಾಟಕ್ಕೆ ಪಕ್ಕಕ್ಕೆ ಉರುಳುವುದಿಲ್ಲ. ಕಂಬದ ಎರಡು ತುದಿಗಳನ್ನು ಗೂಟದಂತೆ ಸಣ್ಣದಾಗಿಸಿ, ಪಟ್ಟಿಗೂ ಬೋದಿಗೆಗೂ ಬೈರಿಗೆಯಿಂದ ತೂತು ಹಾಕಿ, ಒತ್ತಿ ಕೂರಿಸುವಂತೆ ಮಾಡಿದೆವು. ಬೋದಿಗೆಯ ಬೆನ್ನಿನಲ್ಲಿ ಹಳಿಯ ತುದಿ ಕೂರಲು ಅಲ್ಪವಾದ ಕಚ್ಚು. ನಡುವಿನ ಎರಡು ಹತ್ತರ ಕಾಲುಗಳಿಗೆ ಮಾತ್ರ ಆಳವಾದ ಕಚ್ಚು ಕೊಟ್ಟು, ಅವುಗಳಲ್ಲಿ ಎರಡು ತೊಲೆಗಳನ್ನು ಹುದುಗಿಸಿದೆವು. ಅದೇ ನಿಜವಾದ ಸೇತುವೆ, ಒಂದು ಗೇಣಿಗಿಂತ ಕಡಿಮೆ.

9 ಮತ್ತು 10ರ ಕಾಲುಗಳು ಎತ್ತರವಾದುದರಿಂದ ಸ್ವಲ್ಪ ಓಲಾಡಿದವು. ಬಡಗಿಯವರು ನಾಲ್ಕು ಕಡ್ಡಿಗಳನ್ನು ದಾರದಿಂದ ಚೌಕವಾಗಿ ಕಟ್ಟಿ ಹುಡುಗನ ಕೈಗೆ ಕೊಟ್ಟು ಒತ್ತೆಂದರು, ಚೌಕ ವಾಲಿತು. ಮೂರು ಕಡ್ಡಿಗಳನ್ನು ಕಟ್ಟಿ ಕೊಟ್ಟರು. ಎಷ್ಟು ಒತ್ತಿದರೂ ಅಲುಗಲಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿಯನ್ನು ಕಟ್ಟಿದರೆ ಅದು ಎರಡು ಮುಕ್ಕೋಣವಾಗಿ ಗಟ್ಟಿಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದವರು ಕಣಿವೆಗಳ ಮೇಲೆ ಕಾಡಿನ ದಿಮ್ಮಿಗಳಿಂದಲೇ ಎತ್ತರವಾದ ರೈಲು ಸೇತುವೆಗಳನ್ನು ಎಬ್ಬಿಸಿದಾಗ ಅವುಗಳನ್ನು ನಿಲ್ಲಿಸಿದ್ದುದು ಈ ಓರೆಪಟ್ಟಿಗಳೇ. ನಮ್ಮ ಎತ್ತರದ ನಾಲ್ಕು ಕಾಲುಗಳಿಗೂ ಓರೆಪಟ್ಟಿಗಳು ಬಂದವು.

ಹುಡುಗನು ನೋಡುತ್ತ ಕುಳಿತಿರಲಿಲ್ಲ. ಉಳಿಯನ್ನು ಅವನ ಕೈಗೆ ಕೊಡಲಿಲ್ಲ. ಸಣ್ಣ ಗರಗಸವನ್ನು ಬಡಗಿಯವರು ತಮ್ಮ ಕೈಯನ್ನು ಅವನ ಕೈಯ ಮೇಲಿಟ್ಟು ಹಿಡಿಸಿದರು. ಉಪ್ಪುಕಾಗದ ಹಾಕಿ ಉಜ್ಜುವ ಕೆಲಸ ಸಂಪೂರ್ಣವಾಗಿ ಅವನದು. ಒಂದು ಏಳರ ಕಾಲನ್ನು ಮೊದಲಿಂದ ಕೊನೆಯವರೆಗೆ ತಾನೇ ಕೊಯ್ಯುತ್ತೇನೆಂದು ಹಟಹಿಡಿದು ಕೊಯ್ದನು. ಅದರ ಹಾಸುಪಟ್ಟಿ ಸೊಟ್ಟಗಾಯಿತು. ನಾನು ಅದನ್ನು ಕೆತ್ತಿ ನೇರಮಾಡಬಹುದೆಂದು ಸೂಚಿಸಿದಾಗ ಬಡಗಿಯವರು ಮಟ್ಟಗೋಲನ್ನು ಬೋದಿಗೆಯ ಮೇಲಿಟ್ಟು, “ಮೇಲೆ ಮಟ್ಟ ಐತಿ, ಕೆಳಗೆ ಅಲುಗಂಗಿಲ್ಲ. ಸೊಟ್ಟ ಇದ್ರೆ ರೈಲಿಗೇನು? ಬಿಡ್ರಿ ಮೇಷ್ಟ್ರೇ” ಎಂದರು. ಆ ಕಾಲು ಹಾಗೆಯೇ ಉಳಿಯಿತು.

ಏಪ್ರಿಲಿನ ಒಂದು ಭಾನುವಾರ ಹಂಪೆಗೆ ಹೋಗಿದ್ದೆವು. ವಿಠ್ಠಲ ದೇವಾಲಯದ ಆಚೆ, ತುಂಗಭದ್ರೆಯ ಪಾತ್ರದಲ್ಲಿ ಒರಟಾದ ಕಲ್ಲುಕಂಬಗಳು ಸಾಲುಸಾಲಾಗಿ ನಿಂತಿರುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದು ವಿಜಯನಗರದ ಕಾಲದ ಸೇತುವೆ. ಮೇಲಿನ ಹಾಸು ಎಂದೋ ಹೋಯಿತು. ಕಾಲುಗಳು ಇಂದಿಗೂ ಹೊಳೆಯಲ್ಲಿ ನಿಂತಿವೆ. ಹುಡುಗನು ಮೊದಲು ಮಾಡಿದ ಕೆಲಸವೆಂದರೆ ಅವುಗಳನ್ನು ಎಣಿಸಲು ಹೊರಟಿದ್ದು. ಎಣಿಕೆ ತಪ್ಪಿತು, ಮತ್ತೆ ಎಣಿಸಿದನು. ಕೊನೆಗೆ, “ಮೇಲಿನದು ಹೋದ್ರೂ ಪರವಾಗಿಲ್ಲ ತಾತ, ಕಾಲು ಇದ್ರೆ ಮತ್ತೆ ಹಾಕಬಹುದು” ಎಂದನು. ಮನೆಗೆ ಬಂದವನೇ ಮಸಿಯಿಂದ ತನ್ನ ಹನ್ನೆರಡು ಕಾಲುಗಳ ಮೇಲೂ ಅವುಗಳ ಎತ್ತರವನ್ನು ಬರೆದಿಟ್ಟನು.

ರೈಲು ಓಡಿಸಿದ ದಿನ ಬೀದಿಯ ಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿದ್ದರು. ಇಂಜಿನ್ನು ಎರಡು ಡಬ್ಬಿಗಳನ್ನೆಳೆದುಕೊಂಡು 1, 3, 5, 7, 9 ದಾಟಿ, ಹತ್ತರ ಮೇಲೆ ಸಾವಕಾಶವಾಗಿ ತಲೆ ತಗ್ಗಿಸಿ, ಆ ಕಡೆಗೆ ಇಳಿಯಿತು. ಟೊಳ್ಳಾದ ಬೇವಿನ ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾದುದನ್ನು ಮೊದಲು ಗುರುತಿಸಿದವನು ಹುಡುಗನೇ. “ಮುನಿರಾಬಾದು!” ಎಂದು ಕೂಗಿದನು.

ಆದರೆ ಸಂಡೂರಿನ ಮಕ್ಕಳಿಗೆ ಖಾಲಿ ರೈಲು ರೈಲಲ್ಲ. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ಹಳಿ ಅದಿರಿನ ಸಾಗಾಟದ ಹಳಿ. ಮಕ್ಕಳು ರಸ್ತೆಯ ಬದಿಯಿಂದ ಕೆಂಪು ಅದಿರಿನ ಹರಳುಗಳನ್ನು ಆರಿಸಿ ತಂದು ಡಬ್ಬಿಗಳಿಗೆ ತುಂಬಿದರು. ಕಬ್ಬಿಣದ ಅದಿರು ನೀರಿಗಿಂತ ಸುಮಾರು ಐದು ಪಟ್ಟು ತೂಕ. ಸಾಧಾರಣ ಬಂಡೆಗಲ್ಲು ಮೂರು ಪಟ್ಟಿಗೂ ಕಡಿಮೆ. ರೈಲು ಐದರ ಕಾಲಿನ ಬಳಿ ನಿಂತು, ಗಾಲಿ ತಿರುಗಿಸುತ್ತ ಹಿಂದಕ್ಕೆ ಜಾರಿತು. ಒಬ್ಬನು ಹರಳು ತೆಗೆಯೆಂದನು. ಮತ್ತೊಬ್ಬನು ಹೊಸ ಬ್ಯಾಟರಿ ಹಾಕೆಂದನು. ನಮ್ಮ ಹುಡುಗನು ಸ್ವಲ್ಪ ಹೊತ್ತು ನೋಡಿ, ಡಬ್ಬಿಯಿಂದ ಒಂದು ಹರಳನ್ನು ತೆಗೆದು ಇಂಜಿನ್ನಿನ ಬೆನ್ನಿಗೆ ದಾರದಿಂದ ಕಟ್ಟಿದನು. ಗಾಲಿಗಳು ಹಳಿಯನ್ನು ಕಚ್ಚಿ ಹಿಡಿದವು. ರೈಲು ತಡವರಿಸುತ್ತ ಹತ್ತಿಯೇಬಿಟ್ಟಿತು. ಎಳೆಯುವ ಇಂಜಿನ್ನು ತಾನೂ ತೂಕವಾಗಿರಬೇಕೆಂಬುದು ರೈಲ್ವೆಯ ಪ್ರಸಿದ್ಧ ನಿಯಮ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಡಗಿಯವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, “ಇನ್ನು ನಮ್ಮ ಕೆಲಸ ಇಲ್ಲ” ಎಂದರು.

ಮೇ ತಿಂಗಳ ಕೊನೆಯ ವಾರವೆಲ್ಲ ಅವನು ಸೇತುವೆಯನ್ನು ಕಟ್ಟುವುದು, ಬಿಚ್ಚುವುದು. ಮೊದಲು ಒಂದು ಗಂಟೆಯ ಕೆಲಸವಾಗಿದ್ದುದು ಕಾಲು ಗಂಟೆಗೆ ಇಳಿಯಿತು. ನಾನು ಆರಾಮ ಕುರ್ಚಿಯಲ್ಲಿ ಕುಳಿತು, ಕರೆಯಬಹುದೆಂದು ಕಾದೆ. ಕರೆಯಲಿಲ್ಲ. ನಾನೇ ವಿಧಿಸಿದ ಷರತ್ತು ಇಷ್ಟು ಚೆನ್ನಾಗಿ ಪಾಲನೆಯಾಗುತ್ತಿರುವುದನ್ನು ನೋಡಿ ಸಂತೋಷಪಡಬೇಕೊ ಬೇಡವೊ ಎಂಬುದು ಆ ವಾರವೆಲ್ಲ ನನಗೆ ತೀರ್ಮಾನವಾಗಲಿಲ್ಲ. ಹಳೆಯ ಸೀರೆಯ ತುಂಡುಗಳಲ್ಲಿ ಅವನ ಅಜ್ಜಿ ಒಂದೊಂದು ಕಾಲನ್ನೂ ಸುತ್ತಿ ಪೆಟ್ಟಿಗೆಗೆ ಹಾಕಿಕೊಟ್ಟಳು. ಹುಬ್ಬಳ್ಳಿಯ ಮಾರ್ಗವಾಗಿ ಅವರು ಹೊರಟರು. ಹೊಸಪೇಟೆಯ ನಿಲ್ದಾಣದಲ್ಲಿ ರೈಲು ಕದಲಿದಾಗ ಅವನು ಅಳಲಿಲ್ಲ. ಮುಂದೆ ಹೊಳೆಯ ಸೇತುವೆ ಬರುವುದೆಂದು ಕಿಟಕಿಯ ಬದಿಗೆ ಓಡಿದನು.

ಆಗಸ್ಟಿನಲ್ಲಿ ಮಗಳು ಪುಣೆಯಿಂದ ಫೋನು ಮಾಡಿದಳು. ಮನೆ ಬದಲಾಯಿಸುವಾಗ ಒಂದು ಏಳರ ಕಾಲು ಕಳೆದುಹೋಯಿತಂತೆ. ಅದೂ ಅವನೇ ಕೊಯ್ದ ಸೊಟ್ಟ ಕಾಲು. ಎರಡು ದಿನಗಳಿಂದ ಹುಡುಗ ಮಂಕಾಗಿದ್ದಾನೆ, ಇನ್ನೊಂದು ಮಾಡಿಸಿ ಕಳುಹಿಸಿರೆಂದಳು. ಆ ಸಂಜೆಯೇ ಬಡಗಿಯವರ ಬಳಿಗೆ ಹೋದೆ. ಜಂತೆಯ ತುಂಡು ಉಳಿದಿತ್ತು. ಅವರು ದೀಪದ ಬೆಳಕಿನಲ್ಲಿಯೇ ಕುಳಿತು ಅಚ್ಚುಕಟ್ಟಾದ ಏಳರ ಕಾಲನ್ನು ಮಾಡಿ ಮುಗಿಸಿದರು. ಅದನ್ನು ಬಟ್ಟೆಯಲ್ಲಿ ಕಟ್ಟಿ, ವಿಳಾಸವನ್ನೂ ಬರೆದು, ಬೆಳಿಗ್ಗೆ ಅಂಚೆಗೆ ಹಾಕಲು ಸಿದ್ಧವಾಗಿರಿಸಿದೆ.

ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಹುಡುಗನದೇ ಫೋನು. “ತಾತ, ಕಳಿಸಬೇಡ. ಇನ್ನೊಂದು ಏಳು ಇತ್ತಲ್ಲ, ಅದನ್ನ ಪಕ್ಕದಲ್ಲಿ ಇಟ್ಕೊಂಡು ಅಳೆದೆ. ಎರಡು ಬೆಂಕಿಪೊಟ್ಟಣ ಒಂದರ ಮೇಲೆ ಒಂದು ನಿಲ್ಲಿಸಿ, ಸಂದಿಗೆ ರಟ್ಟು ಕೊಟ್ಟೆ. ಅಲುಗಾಡ್ತಿತ್ತು, ಅದಕ್ಕೆ ಓರೆಪಟ್ಟಿನೂ ಅಂಟಿಸಿದೆ. ರೈಲು ಹೋಯ್ತು.” ಅಷ್ಟು ಹೇಳಿ, ಶಾಲೆಯ ಬಸ್ಸು ಬಂದಿತೆಂದು ಫೋನು ಇಟ್ಟನು.

ಬಡಗಿಯವರಿಗೆ ಸುದ್ದಿ ಮುಟ್ಟಿಸಿದೆ. ಅಂಟು ಹಾಕಬಾರದೆಂದು ನೀವು ಹೇಳಿದ್ದಿರಲ್ಲ ಎಂದು ನನ್ನನ್ನು ಹಾಸ್ಯಮಾಡಿದರು. ಅವರು ಮಾಡಿಕೊಟ್ಟ ಏಳರ ಕಾಲು ಈಗ ನನ್ನ ಮೇಜಿನ ಮೇಲಿದೆ. ಬಂಡ್ರಿಯಲ್ಲಿ ಮಧ್ಯಾಹ್ನದ ಗಾಳಿ ಜೋರು. ಬರೆದ ಹಾಳೆಗಳು ಹಾರಿಹೋಗದಂತೆ ಹಿಡಿದುಕೊಂಡಿರುತ್ತದೆ.